ಅಂಗಡಿಗೆ ಬಂದಿದ್ದ ಫೋನು

ಜಮಖಂಡಿ,
೮ ಫೆಬ್ರುವರಿ ೨೦೨೬, ರವಿವಾರ

ವೈಶಾಲಿಯ ಅಪ್ಪಾರಿಗೆ,

ಶರಣು. ರೂಢಿ ಪ್ರಕಾರ ಮೊದಲ ‘ಪ್ರೀತಿಯ’ ಅಂತ ಬರದಿದ್ದೆ, ಆಮ್ಯಾಲೆ ಹೊಡದು ಹಾಕೀನಿ. ಹೊಡದದ್ದು ನಿಮಗ ಕಾಣಲಿ ಅಂತನ ಹಾಳಿ ಬದಲಿ ಮಾಡಿಲ್ಲ. ನೀವು ಆರಾಮ ಅದೀರಿ ಅಂತ ತಿಳಕೊಂಡೀನಿ. ಬಿಪಿ ಗುಳಿಗಿ ಇಲ್ಲೇ ಅಡಗಿಮನಿ ಗ್ವಾಡಿ ಮಾಡದಾಗ ಬಿಟ್ಟು ಓಡಿ ಹೋಗೀರಿ. ಅವನ್ನ ಈ ಪತ್ರದ ಕೂಡ ನಿಮ್ಮ ತಂಗಿ ಗಂಡ ಸಂಜಯಣ್ಣನ ಕೈಯಾಗ ಕೊಟ್ಟು ಕಳಸಾಕತ್ತೀನಿ. ಮುಂಜಾನಿ ತಪ್ಪದ ತಗೋರಿ. ಶ್ರೀದೇವಿ ಉಪ್ಪಿನಕಾಯಿ ಬಡಸಾಕ ಬಂದ್ರ ಬ್ಯಾಡ ಅನ್ರಿ. ನಿಮ್ಮ ಮ್ಯಾಲಿನ ಸಿಟ್ಟು ನನ್ನದು, ಅದನ್ನ ಬಿಪಿ ಬಂದು ತೀರಿಸಬಾರದು. ನಿಮ್ಮ ಅವ್ವ ಆರಾಮ ಅದಾಳ, ಮೊಣಕಾಲ ನೋವು ಇದ್ದದ್ದ. ನಾನೂ ಆರಾಮ. ಥಂಡಿಗೆ ಮೂಗಿನ ತುದಿ ಸುಲದು ಕರ್ರಗ ಆಗೇತಿ, ಅಷ್ಟ.

ಹೆಂಡ್ತಿ ಭೂಮಿಯ ಆ ತುದಿ ಮುಟ್ಟಿ ಬಂದ್ಲು, ನಿಮಗ ಜಮಖಂಡಿ ಬಸ್‌ ಸ್ಟ್ಯಾಂಡಿನ ತನಕಾ ಬರಾಕಾಗಲಿಲ್ಲ. ಪುಣೆದಾಗ ವೈಶಾಲಿ ಬಸ್ಸಿಗೆ ಹತ್ತಿಸಿ ‘ಅಪ್ಪ ಸ್ಟ್ಯಾಂಡಿಗೆ ಬರ್ತಾನ, ನೀ ಆಟೋ ಮಾಡಬ್ಯಾಡ’ ಅಂದಿದ್ಲು ಪಾಪ. ಚೀಲ ಹೊತ್ಕೊಂಡು ನಾನ ಬಂದೆ. ಬಾಗಲಾ ಬಡದ್ರ ಅವ್ವ ತೆಗದ್ಲು. ಇವರೆಲ್ಲಿ ಅಂದೆ. ‘ಬನಹಟ್ಟಿಗೆ ಹೋಗ್ಯಾನ, ಶ್ರೀದೇವಿ ಮನ್ಯಾಗ ಮಗ್ಗದ ಪೂಜಿ ಐತಂತ’ ಅಂದ್ಲು. ಶ್ರೀದೇವಿಗೆ ಫೋನ್ ಹಚ್ಚಿದೆ. ‘ಯಾವ ಪೂಜಿ ವೈನೀ? ಅಣ್ಣ ಸುಮ್ಮನ ಬಂದು ಕುಂತಾನ. ಊಟಾನೂ ನೆಟ್ಟಗ ಮಾಡವಲ್ಲ’ ಅಂದ್ಲು. ನಿಮ್ಮ ಫೋನ್ ನೋಡಿದ್ರ ಬಂದ್. ಅದಕ್ಕ ಈ ಪತ್ರ. ಫೋನಿನ್ಯಾಗಾದ್ರ ನೀವು ಹಲೋ ಹಲೋ ಅಂತ ಕಿವಿ ಕೇಳಿಸದವರಂಗ ಮಾಡತೀರಿ, ಹಾಳಿಗೆ ಹಂಗ ಮಾಡಾಕ ಬರೂದಿಲ್ಲ. ನಿಮ್ಮ ಅಂಗಿ, ಧೋತ್ರ ಒಯ್ಯಾಕ ಬಂದ ಸಂಜಯಣ್ಣ ಪಡಸಾಲ್ಯಾಗ ಕುಂತು ಅವಲಕ್ಕಿ ತಿನ್ನಾಕತ್ತಾನ. ಮಗ್ಗ ಬಿಟ್ಟು ಬಂದೀನಿ ಅಂತ ಒಂದ ಸಮನ ಗಡಿಯಾರ ನೋಡತಾನ. ನೋಡವಲ್ನ್ಯಾಕ. ನಾ ಬರಿಯೂದು ಮುಗಿಸೇ ಕಳಸಾಕಿ.

ಹಡಗಿನ ಸುದ್ದಿ ನಿಮಗ ಅರ್ಧಾ ಅಷ್ಟ ಗೊತ್ತು. ಫೋಟೋ ಕಳಿಸಿದ್ದೆ, ಅವನ್ನ ನೀವು ಗೊಬ್ಬರದ ಅಂಗಡಿಗೆ ಬಂದವರಿಗೆಲ್ಲಾ ತೋರಸೀರಿ. ನಾ ಹೋಗೂ ಸುದ್ದಿ ಬಂದಾಗಂತೂ ಬಜಾರದ ತುಂಬ ಪೇಢೆ ಹಂಚಿದ್ರಿ. ಅಂಗಡಿ ಮುಂದ ಫ್ಲೆಕ್ಸ್ ಕಟ್ಟಿಸಿದ್ರಿ. ‘ಅಂಟಾರ್ಕ್ಟಿಕಾಕ್ಕೆ ಹೊರಟ ಜಮಖಂಡಿಯ ಹೆಮ್ಮೆಯ ಮಗಳು’ ಅಂತ ಬರದು ಅದರಾಗ ನನ್ನ ಮಾರಿ ಸಣ್ಣದು, ನಿಮ್ಮ ಮಾರಿ ದೊಡ್ಡದು. ಆಗ ನಕ್ಕಿದ್ದೆ. ಖುಷಿಯಾಗ್ಯಾರ, ಮಾಡ್ಲಿ ಅಂದ್ಕೊಂಡಿದ್ದೆ. ಅಂಗಡಿಗೆ ಬಂದವರ ಮುಂದ ‘ನಾನ ಕಳಸಾಕತ್ತೇನ್ರಿ ಆಕೀನ’ ಅಂತ ನೀವು ಹೇಳೂದು ಕೇಳಿ ಹೆಮ್ಮಿ ಅನಿಸಿತ್ತು. ಈಗ ಆ ಮಾತು ನೆನಪಾದ್ರ ಹಲ್ಲ ಕಡೀತೀನಿ.

ಹಡಗಿನ್ಯಾಗ ಎರಡು ನಮೂನಿ ಮಂದಿ ಇದ್ರು. ಮ್ಯಾಲಿನ ಮಜಲಿನ್ಯಾಗ ತಿರಗಾಡಾಕ ಬಂದ ಶ್ರೀಮಂತರು. ಅವರು ಬಿಸಿನೀರಿನ ತೊಟ್ಟಿಯಾಗ ಕುಂತು ಬರ್ಫದ ಗುಡ್ಡ ನೋಡತಿದ್ರು, ಸಂಜಿಮುಂದ ಅದ ಬರ್ಫದ ತುಣಕ ಗ್ಲಾಸಿನ್ಯಾಗ ಹಾಕ್ಕೊಂಡು ಕುಡೀತಿದ್ರು. ಕೆಳಗ ನಾವು. ಬ್ಯಾರೆ ಬ್ಯಾರೆ ದೇಶದ ಮಾಸ್ತರು, ಕಾಲೇಜಿನ ಹುಡುಗರು, ಆ ಸಮುದ್ರದ ಜೀವ ಹೆಂಗ ಬದಕತಾವ, ಹವಾ ಬಿಸಿ ಆದಂಗ ಅವಕ್ಕ ಏನ ಆಗಾಕತ್ತೈತಿ ಅಂತ ಕಲಿಯಾಕ ಬಂದವರು. ದಾರಿಯಾಗ ಸಮುದ್ರ ಎತ್ತಿ ಎತ್ತಿ ಒಗೀತು. ನಾ ಹೊಟ್ಟ್ಯಾಗಿಂದೆಲ್ಲಾ ಕಾರಕೊಂಡು, ಮಂಚದ ಸರಳು ಹಿಡಕೊಂಡು ಬಿದ್ದಿದ್ದೆ. ಆದ್ರ ಮೊದಲನೇ ಬರ್ಫದ ಗುಡ್ಡ ಕಂಡ ಮ್ಯಾಲೆ ಸಂಕಟ ಎಲ್ಲಿ ಹೋತೋ ಏನೋ. ದಿನಾ ರಬ್ಬರ್ ದೋಣಿಯಾಗ ಇಳದು ನೀರು ತುಂಬೂದು, ಅದರ ಉಪ್ಪು, ಬಿಸಿ ಅಳಿಯೂದು, ಸಣ್ಣ ಬಲಿ ಬಿಟ್ಟು ಕಣ್ಣಿಗೆ ಕಾಣದ ಪಾಚಿ ಹಿಡದು ಸೂಕ್ಷ್ಮದರ್ಶಕದ ಕೆಳಗ ಇಡೂದು. ಇಷ್ಟು ವರ್ಷ ಪುಸ್ತಕದಾಗಿನ ಚಿತ್ರಾ ನೋಡಿ ಕರೆ ಹಲಗಿ ಮ್ಯಾಲೆ ಬರದದ್ದು ಅಲ್ಲಿ ನನ್ನ ಕಣ್ಣ ಮುಂದ ಮಿಸುಗ್ಯಾಡಾಕತ್ತಿತ್ತು. ಬೀಳಗಿ ಲಿಂಗಾಯತರ ಹುಡಿಗಿ ಮೀನ ಕೊಯ್ಯೂ ಸಾಲಿಗೆ ಹೊಂಟಾಳ ಅಂತ ಆಡಿಕೊಂಡಿದ್ರಲ್ಲ ನಮ್ಮ ಕಾಕಾ, ಅವರು ಬದಕಿದ್ರ ತೋರಿಸಬೇಕಿತ್ತು ಅನಿಸ್ತು.

ಒಂದಿನ ಕ್ರಿಲ್ ಹಿಡದ್ವಿ. ಕ್ರಿಲ್ ಅಂದ್ರ ನಿಮ್ಮ ಕಿರಿಬೆರಳಿನಷ್ಟು ಉದ್ದಂದು, ಸಿಗಡಿಯಂಥಾ ಜೀವ. ಮೈ ಗಾಜಿನಂಗ ಇರತೈತಿ, ತಿಂದ ಪಾಚಿ ಹೊಟ್ಟ್ಯಾಗ ಹಸರಾಗಿ ಹೊರಗ ಕಾಣತೈತಿ. ತಿಮಿಂಗಲ, ಸೀಲ್, ಪೆಂಗ್ವಿನ್ ಎಲ್ಲಾವಕ್ಕೂ ಅದ ರೊಟ್ಟಿ. ಚಳಿಗಾಲದಾಗ ಸಮುದ್ರ ಹೆಪ್ಪಗಟ್ಟತೈತಲ್ಲ, ಆಗ ಅದರ ಮರಿಗೋಳು ಬರ್ಫದ ತಳಕ್ಕ ತಲಿಕೆಳಗಾಗಿ ಹತ್ತಿ, ಅಲ್ಲಿ ಬೆಳದ ಪಾಚಿ ಕೆರಕೊಂಡು ತಿಂದು ಜೀವಾ ಹಿಡೀತಾವ. ಈಗ ಬರ್ಫ ತಡಾ ಆಗಿ ಕಟ್ಟಿ ಲಗೂನ ಕರಗಾಕತ್ತೈತಿ. ಮರಿ ಉಪವಾಸ ಬೀಳತಾವ, ಅವನ್ನ ನಂಬಿದ ಪೆಂಗ್ವಿನ್ನೂ ಉಪವಾಸ. ಒಂದು ದಂಡಿಗೆ ಇಳದಾಗ ಹರಳುಕಲ್ಲಿಲೆ ಕಟ್ಟಿದ ಹಳೇ ಗೂಡು ಅಷ್ಟ ಕಂಡ್ವು, ಪೆಂಗ್ವಿನ್ ಒಂದೂ ಇರಲಿಲ್ಲ. ನಮ್ಮ ಹಿಂದ ನಿಂತ ಪ್ರವಾಸಿಯೊಬ್ಬ, ‘ಎಲ್ಲಾ ಮುಗಿಯೂಕಿಂತ ಮೊದಲ ಬಂದು ನೋಡಿದ್ವಲ್ಲ, ನಮ್ಮ ನಸೀಬು’ ಅಂತ ಇಂಗ್ಲೀಷಿನ್ಯಾಗ ಅಂದು ಫೋಟೋ ಹೊಡಕೊಂಡ. ಕಾಲಾಗಿನ ಗಮ್‌ಬೂಟ್ ತಗದು ಹೊಡೀಬೇಕು ಅನಿಸ್ತು. ಮುಚ್ಚಿ ಹೇಳೂದಿಲ್ಲ, ಅದ ಹಡಗಿನ ಹೊಗಿ ನನ್ನ ಸಲುವಾಗೂ ಹೊಂಟಿತ್ತು. ಆದ್ರ ಸತ್ತವರ ಮನಿ ಮುಂದ ನಿಂತು ನಸೀಬು ಅನ್ನೂದು ನನಗ ಬರೂದಿಲ್ಲ.

ಇನ್ನ ರಾಧಿಕಾನ ಮಾತು. ರಾಧಿಕಾ ನಿಮಗ ನೆನಪಿರಬೇಕು. ಇರಾಕಽ ಬೇಕು. ಕಾರವಾರದಾಗ ನಾ ಎಂ.ಎಸ್ಸಿ. ಓದೂವಾಗ ನನ್ನ ಕೋಣ್ಯಾಗ ಇದ್ದಾಕಿ, ನಮ್ಮ ಮದಿವಿಗೆ ಬೀಳಗಿಗೆ ಬಂದು ಎರಡು ದಿನ ಉಳದಾಕಿ. ಆಮ್ಯಾಲೆ ಆಕಿ ಗೋವಾದ ಸಂಸ್ಥಾಕ್ಕ ಸೇರಿದ್ಲು, ನಾ ಇಲ್ಲಿ ಕಾಲೇಜಿಗೆ ಸೇರಿದೆ. ಆಕಿ ಪತ್ರಾ ಬರಿಯೂದು ಒಮ್ಮಿಂದೊಮ್ಮೆಲೆ ನಿಂತಬಿಡ್ತು. ದೊಡ್ಡ ವಿಜ್ಞಾನಿ ಆದ್ಲು, ಮರತ್ಲು ಅಂತ ನಾನೂ ಸುಮ್ಮನಾದೆ. ಈ ಹಡಗಿನ್ಯಾಗ ನಮಗ ಕಲಸೂ ಮುಖ್ಯಸ್ಥೆ ಆಕೀನ. ಬಂದರದಾಗ ಕಂಡ ಕೂಡಲೆ ಓಡಿ ಹೋಗಿ ತಬ್ಬಿಕೊಂಡ್ರ ಕಟಗಿಯಂಗ ನಿಂತ್ಲು. ಎಲ್ಲಾರ ಕೂಡ ನಕ್ಕೋತ ಮಾತಾಡಾಕಿ ನನಗ ಮಾತ್ರ ಕೆಲಸಕ್ಕ ಎಷ್ಟು ಬೇಕೋ ಅಷ್ಟ. ನಾ ಏನ ತಪ್ಪ ಮಾಡೀನಿ ಅಂತ ತಿಳೀದ ಒದ್ದ್ಯಾಡಿದೆ.

ಒಂದಿನ ಮುಂಜಾನಿ ಒಂದು ಕೊಲ್ಲಿಯಾಗ ದೋಣಿ ನಿಂತಿತ್ತು. ನಾವಿಬ್ಬರ, ಮತ್ತ ಕನ್ನಡ ತಿಳೀದ ಒಬ್ಬ ದೋಣಿಯಾಂವ. ಬಿಸಲು ಚಂದ ಬಿದ್ದಿತ್ತು, ದೂರದಾಗ ಹಿಮನದಿ ಒಡಿಯೂ ಸಪ್ಪಳ ಗುಡಗಿನಂಗ ಬರಾಕತ್ತಿತ್ತು. ನಾ ಬಲಿ ಬಿಡಾಕ ಹಗ್ಗ ಬಿಚ್ಚಾಕತ್ತಿದ್ದೆ. ಆಕಿ ತನ್ನಷ್ಟಕ್ಕ ತಾನ ಅಂದಂಗ ಅಂದ್ಲು: ‘ನಾನು ಮೊದಲ ಸಲ ಬಂದಾಗ ಇಲ್ಲಿ ನೀರೇ ಇರ್ಲಿಲ್ಲ. ಈಗ ನಮ್ಮ ದೋಣಿ ನಿಂತಿದೆಯಲ್ಲ, ಇಲ್ಲೇ ಹಿಮದ ಗೋಡೆ ಇತ್ತು. ಕುತ್ತಿಗೆ ನೋವು ಬರೋ ತನಕ ತಲೆ ಎತ್ತಿ ನೋಡಿದ್ದೆ. ಈಗ ನೋಡು, ಆ ಕಪ್ಪು ಬಂಡೆ ಹಿಂದೆ ಹೋಗಿಬಿಟ್ಟಿದೆ.’ ಬಾಟ್ಲಿ ಮುಚ್ಚಳಾ ತಿರಿವಿಕೋತ, ‘ನೀನೂ ನೋಡ್ಬಹುದಿತ್ತು ದಾನಿ. ಬರೋದಿಲ್ಲ ಅಂತ ನೀನೇ ಒಂದು ಮಾತು ನನಗೆ ಹೇಳ್ಬಹುದಿತ್ತು’ ಅಂದ್ಲು.

ನನಗ ತಿಳೀಲಿಲ್ಲ. ‘ಇಬ್ಬರೂ ಕೂಡೇ ಅರ್ಜಿ ಹಾಕಿದ್ವಿ ಖರೆ, ನನ್ನ ಎಲ್ಲಿ ಆರಿಸಿದ್ರು? ನನ್ನ ಹೆಸರ ಬರಲಿಲ್ಲಲ್ಲ’ ಅಂದೆ. ಆಕಿ ನನ್ನ ಮಾರೀನ ನೋಡಿದ್ಲು. ‘ಯಾರು ಹಾಗೆ ಹೇಳಿದ್ದು? ಆ ವಿದೇಶಿ ಹಡಗಿಗೆ ನಮ್ಮಿಂದ ಇಬ್ಬರನ್ನ ಆರಿಸಿದ್ರು, ನಿನ್ನನ್ನ ಮೊದಲು, ನನ್ನನ್ನ ಆಮೇಲೆ. ಖುಷಿಗೆ ನಾನೇ ಫೋನ್ ಮಾಡಿದೆ, ನೀನು ಕೊಟ್ಟ ಅಂಗಡಿ ನಂಬರಿಗೆ. ನಿನ್ನ ಗಂಡ ಎತ್ತಿದ್ರು. ಅವಳು ಬಸುರಿ, ಡಾಕ್ಟರು ಮಂಚ ಬಿಟ್ಟು ಏಳಬೇಡ ಅಂದಿದ್ದಾರೆ, ಅವಳೇ ಬರೋದಿಲ್ಲ ಅಂದಿದ್ದಾಳೆ, ಮತ್ತೆ ಮತ್ತೆ ಫೋನ್ ಮಾಡಿ ಅವಳ ಮನಸ್ಸು ಕೆಡಿಸಬೇಡಿ ಅಂದ್ರು.’

ಅದು ತೊಂಬತ್ತೊಂಬತ್ತನೇ ಇಸವಿ. ವೈಶಾಲಿ ಹುಟ್ಟಿದ್ದು ಅದಕ್ಕಿಂತ ಎಷ್ಟೋ ಆಮ್ಯಾಲೆ. ಆ ವರ್ಷ ನಾ ಎಂಥಾ ಹಾಲತ್ತಿನ್ಯಾಗ ಇದ್ದೆ ಅನ್ನೂದು ಮಂದಿಗೆ ಗೊತ್ತಿಲ್ಲ, ನಿಮಗ ಗೊತ್ತಿತ್ತು. ಮದಿವಿ ಆಗಿ ಇಷ್ಟ ವರ್ಷಾತು, ಇನ್ನೂ ಏನೂ ಇಲ್ಲೇನು ಅಂತ ಕಂಡಕಂಡವರು ಕೇಳತಿದ್ರು. ಬಾಗಲಕೋಟಿ ದವಾಖಾನಿಗೆ ನಿಮ್ಮ ಹಿಂದ ಕುಂತು ಹೋಗತಿದ್ದೆ, ಬರೂವಾಗ ನಿಮ್ಮ ಬೆನ್ನಿಗೆ ಮಾರಿ ಇಟ್ಟು ಅಳತಿದ್ದೆ. ಸೀಮಂತಕ್ಕ ಕರದ್ರ ಹೋಗತಿರಲಿಲ್ಲ. ಅಂಥಾದ್ರಾಗ ನಿಮಗ ಹೊಳದ ಸುಳ್ಳು ಅದನಽ? ಜ್ವರ ಬಂದೈತಿ ಅನಬಹುದಿತ್ತು, ನಮ್ಮ ಮನ್ಯಾಗ ಒಪ್ಪಲಿಲ್ಲ ಅನಬಹುದಿತ್ತು. ನನಗ ಇಲ್ಲದ ಬಸರ, ನಾ ಹರಕಿ ಹೊತ್ತರೂ ಸಿಗದ ಬಸರ, ಅದನ್ನ ತಂದು ನನ್ನ ಹೊಟ್ಟ್ಯಾಗ ಇಟ್ಟು ನನ್ನ ದಾರಿ ಕಟ್ಟಿದ್ರಲ್ಲ! ನಾಲಿಗಿ ಹೆಂಗ ಬಂತ್ರಿ?

ಆಯ್ಕಿ ಆದ ಕಾಗದಾನೂ ಬಂದಿರಬೇಕು. ಆಗ ನಮ್ಮ ಟಪಾಲೆಲ್ಲಾ ಅಂಗಡೀಗೇ ಬರತಿತ್ತು. ಅದೇನಾತು ಅಂತ ನಾ ಕೇಳೂದಿಲ್ಲ. ಯೂರಿಯಾ ಚೀಲದಂಗ ಅದನ್ನೂ ಎಲ್ಲ್ಯೋ ಒಗದಿರಬೇಕು.

ನನಗ ಎಲ್ಲಾಕಿಂತ ಹೆಚ್ಚ ಸಿಟ್ಟ ಬರೂದು ಫೋನಿನ ಸಲುವಾಗಿ ಅಲ್ಲ. ಅದರ ಮರುದಿನದ ಸಲುವಾಗಿ. ಅಂಗಡೀಂದ ಬಂದು, ‘ಗೋವಾದಿಂದ ಫೋನ್ ಬಂದಿತ್ತು ದಾನಾ, ನಿನ್ನ ಹೆಸರ ಬರಲಿಲ್ಲಂತ, ಹೋಗ್ಲಿ ಬಿಡು’ ಅಂದ್ರಿ. ನಾ ಊಟ ಬಿಟ್ಟು ಅಳಾಕ ಹತ್ತಿದೆ. ಮರುದಿನ ಅಂಗಡಿ ಬಾಗಲಾ ಹಾಕಿ, ಸ್ಕೂಟರಿನ ಮ್ಯಾಲೆ ಚಿಕ್ಕಪಡಸಲಗಿಗೆ ಕರಕೊಂಡು ಹೋದ್ರಿ. ಬ್ಯಾರೇಜಿನ ಮ್ಯಾಲೆ ಗಾಳಿ ಬೀಸಾಕತ್ತಿತ್ತು, ಕೃಷ್ಣಾ ತುಂಬಿತ್ತು. ಕಟ್ಟಿಮ್ಯಾಲೆ ಕುಂತು ಚುರಮರಿ, ಮಿರ್ಚಿಭಜಿ ತಿನಿಸಿದ್ರಿ. ನಿಮ್ಮ ಅರಿವೀ ತುದೀಲೆ ನನ್ನ ಕಣ್ಣ ಒರಿಸಿ, ‘ಸಮುದ್ರ ಹೋದ್ರ ಹೋಗ್ಲಿ, ನಮ್ಮ ಹೊಳಿ ಇಲ್ಲೇನು? ನಾ ಅದೀನಲ್ಲ’ ಅಂದ್ರಿ. ಆ ಮಾತಿನ ಮ್ಯಾಲೆ ನಾ ಸಂಸಾರ ಮಾಡೀನ್ರಿ! ಸಿಟ್ಟ ಬಂದಾಗ, ಬ್ಯಾಸರಾದಾಗ, ನಿಮ್ಮ ಹಟಕ್ಕ ಸೋತಾಗೆಲ್ಲಾ ಆ ದಿನ ನೆನಸಿಕೊಂಡು ಮನಸ್ಸು ತಿರಿವೀನಿ. ನಿಮ್ಮಪ್ಪ ಎಂಥಾವರು ಅಂತ ತಿಳೀಬೇಕಂದ್ರ ಕೇಳು ಅಂತ ವೈಶಾಲಿಗೆ ಕತಿ ಮಾಡಿ ಹೇಳೀನಿ. ಅತ್ತಾಕಿನ ಸಮಾಧಾನ ಮಾಡಿದವರು ಅಂತ ಹೇಳೀನಿ. ಅಳಿಸಿದವರು ಯಾರು ಅಂತ ಇಪ್ಪತ್ತಾರು ವರ್ಷ ನನಗ ಗೊತ್ತಿರಲಿಲ್ಲ. ನನ್ನ ಕಣ್ಣ ಒರಸೂವಾಗ ನಿಮಗ ಏನೂ ಅನಸಲಿಲ್ಲೇನು? ಮೆತ್ತಗ, ಛಲೋ ಒರಿಸಿದ್ರಿ.

ಆ ದೋಣಿಯಾಗ ನಾ ಅಳಲಿಲ್ಲ. ರಾಧಿಕಾ ಅತ್ಲು. ‘ನನಗೆ ಒಂದು ಸಲ ನಿನ್ನನ್ನೇ ಕೇಳ್ಬೇಕು ಅಂತ ಹೊಳೀಲಿಲ್ಲ, ಸಿಟ್ಟು ಮಾಡ್ಕೊಂಡು ಕೂತೆ’ ಅಂದ್ಲು. ನಾ ಹಗ್ಗ ಹಿಡದು ಬಲಿ ನೀರಿಗೆ ಬಿಟ್ಟೆ. ಹಿಮದ ಗ್ವಾಡಿ ಇದ್ದ ಜಾಗಾದಾಗ ಬಲಿ ಕೆಳಗ ಕೆಳಗ ಇಳೀತು. ಅಲ್ಲಿ ಈಗ ಬರೇ ನೀರು, ಮಣ್ಣಿನ ಬಣ್ಣಾ ಹತ್ತಿದ ಕರಗಿದ ನೀರು. ನಾ ನೋಡಬೇಕಾಗಿದ್ದದ್ದು ಇನ್ನ ಯಾರೂ ನೋಡೂ ಹಂಗಿಲ್ಲ. ‘ಈಗ ಹೋಗಿದಿಯಲ್ಲ, ಆತಲ್ಲ’ ಅಂತ ಫೋನಿನ್ಯಾಗ ಅಂದ್ರಿ ನೀವು. ಆಗಿಲ್ಲ. ನಾ ಹೋಗಿದ್ದು ಬ್ಯಾರೆ ಜಾಗಾಕ್ಕ. ಅವರು ನನ್ನ ಕರದ ಜಾಗಾ ನೀರಾಗಿ ಹೋಗೇತಿ.

ಆ ಫೋನಿನ ಮಾತೂ ಬರೀತೀನಿ, ನಿಮಗ ಮರವು ಭಾಳ. ಹಡಗಿಗೆ ವಾಪಸ್ ಬಂದು, ಅಂಗಿ ಸಹಿತ ಬದಲಿ ಮಾಡದ, ನಿಮಗ ವೀಡಿಯೋ ಕಾಲ್ ಹಚ್ಚಿದೆ. ಕೇಳಿದ ಕೂಡಲೆ ‘ಯಾವ ಫೋನು, ಅದೆಲ್ಲಾ ಯಾವಾಗಿಂದು’ ಅಂದ್ರಿ. ರಾಧಿಕಾ ಇಲ್ಲೇ ಬಾಜೂಕ ಕುಂತಾಳ ಅಂದಾಗ ಮಾತು ಬದಲಿ ಮಾಡಿದ್ರಿ. ‘ನಾ ಏನ ಮಾಡ್ಲಿ, ಅವ್ವ ಒಲ್ಲೆ ಅಂದ್ಲು. ಸೊಸಿ ಸಮುದ್ರ ದಾಟಿದ್ರ ಮನಿಗೆ ಬರಬ್ಯಾಡ ಅಂತ ಹಟ ಹಿಡದ್ಲು. ಅವ್ವನ ಮಾತ ಮೀರಾಕ ಆಗಲಿಲ್ಲ’ ಅಂದ್ರಿ. ಅದಾದ ಮ್ಯಾಲೆ ಹಲೋ ಹಲೋ, ದನಿ ಬರವಲ್ದು ಅಂತ ಕಟ್ ಮಾಡಿದ್ರಿ. ನಿಮ್ಮ ಮಾರಿ ನನಗ ನೆಟ್ಟಗ ಕಾಣಾಕತ್ತಿತ್ತು, ಹಿಂದಿನ ಗೊಬ್ಬರ ಚೀಲದ ಮ್ಯಾಲಿನ ಅಕ್ಷರ ಸಹಿತ.

ಬರೂ ದಾರಿ ತುಂಬ ಅವ್ವನ ಮ್ಯಾಲೆ ಕುದ್ದೀನಿ. ನಿಮ್ಮ ಮಾತು ನಂಬೀನಿ ನೋಡ್ರಿ, ಆಗೂ ನಂಬೀನಿ! ಆಕಿ ನನಗ ಏನೇನ ಅಂದಿದ್ಲು, ಯಾವಾಗ ಮಾರಿ ತಿರಿವಿದ್ಲು, ಎಲ್ಲಾ ಒಂದೊಂದ ತಗದು ಇಟ್ಕೊಂಡು ಬಂದೆ. ಆ ವರ್ಷ ತಿಂಗಳಗಟ್ಲೆ ಆಕಿ ನನ್ನ ಕೂಡ ಮಾತಽ ಆಡಿದ್ದಿಲ್ಲ. ಕಾಲೇಜಿಂದ ಬಂದ್ರ ತಾಟು ಇಟ್ಟು ಎದ್ದು ಹೋಗತಿದ್ಲು. ಬಂಜಿ ಅಂತ ಹಿಂಗ ಮಾಡತಾಳ ಅಂತ ತಿಳದಿದ್ದೆ. ಅಲ್ಲಿಂದ ಈಚೆಗೆ ನಾವಿಬ್ಬರೂ ಒಂದ ಮನ್ಯಾಗ ಬಾಡಗಿಯವರಂಗ ಬದಕೀವಿ, ಅದು ನಿಮಗೂ ಗೊತ್ತೈತಿ.

ಬಂದ ದಿನ ಮುಂಜಾನಿ ಆಕಿ ಸವತಿಕಾಯಿ ಹೆಚ್ಚಾಕತ್ತಿದ್ಲು. ನಾ ಚಹಾ ಕುಡದು, ಕಪ್ಪು ಕೆಳಗಿಟ್ಟು ಕೇಳಿದೆ: ‘ಅವ್ವಾ, ನನ್ನ ಕಳಸಬ್ಯಾಡ ಅಂತ ಆವತ್ತ ನೀವ ಅಂದ್ರೇನು?’

‘ಎಲ್ಲಿಗೆ?’

‘ಈಗ ಹೋಗಿ ಬಂದ್ನೆಲ್ಲ, ಅಲ್ಲಿಗೆ. ವೈಶಾಲಿ ಹುಟ್ಟೂಕಿಂತ ಮೊದಲ ಕರದಿದ್ರಂತ. ನೀವು ಒಲ್ಲೆ ಅಂದ್ರಂತ.’

ಆಕಿ ಈಳಿಗಿ ಬಾಜೂಕ ಸರಿಸಿದ್ಲು. ‘ನನ್ನ ಯಾರ ಕೇಳ್ಯಾರ ಬೇ? ದಾನೇಶ್ವರಿ ಪರೀಕ್ಷಾದಾಗ ನಪಾಸ ಆಗ್ಯಾಳ, ನಾಚಿಕಿ ಆಗೇತಿ ಆಕಿಗೆ, ಯಾರೂ ಮಾತಾಡಸಬ್ಯಾಡ್ರಿ, ಅಡ್ಡಾಡೂ ಮಾತು ಎತ್ತಬ್ಯಾಡ್ರಿ ಅಂದಿದ್ದ ಅವ. ಅದಕ್ಕ ನಾ ಸುಮ್ಮನಿದ್ದೆ. ನೀ ಊಟಕ್ಕ ಕುಂತ್ರ ಎದ್ದ ಹೋಗತಿದ್ದೆ. ನೋಡಿದ್ರ ಮತ್ತ ಅಳತಿ ಅಂತ.’

ನಾ ಉಳದದ್ದೂ ಹೇಳಿದೆ, ಬಸರಿನ ಮಾತೂ ಹೇಳಿದೆ. ಅದನ್ನ ಕೇಳಿ ಗುರುಬಸವ್ವ ದೇಸಾಯಿ ಅನ್ನೂ ನಿಮ್ಮ ತಾಯಿ, ಎಂಬತ್ತು ದಾಟಿದಾಕಿ, ಹೆಚ್ಚಿದ ಸವತಿಕಾಯಿ ತಾಟು ಎತ್ತಿ ಅಂಗಳಕ್ಕ ಒಗದ್ಲು. ನನ್ನ ಕೈ ಹಿಡಕೊಂಡು ದೇವರಿಗೆ, ಡಾಕ್ಟರಿಗೆ, ಮಠಕ್ಕ ಅಡ್ಡಾಡಿದಾಕಿ ಆಕಿ. ಆಮ್ಯಾಲೆ ಅಂದ್ಲು: ‘ಖರೆ ಹೇಳತೀನಿ, ಆಗ ನನ್ನ ಕೇಳಿದ್ರ ಒಲ್ಲೆ ಅಂತಿದ್ನೋ ಏನೋ. ನನಗೂ ಆಗ ಅಷ್ಟ ತಿಳವಳಿಕಿ ಇರಲಿಲ್ಲ. ಆದ್ರ ಕೇಳಬೇಕಿತ್ತಲ್ಲ! ಒಲ್ಲೆ ಅನ್ನಾಕರೆ ನನ್ನ ಕೇಳಬೇಕಿತ್ತಲ್ಲ. ನನ್ನ ಬಾಯಿ ಅವ ಆಗ್ಯಾನ. ನಾ ಸತ್ತೀನಿ ಅಂತ ತಿಳದಾನೇನು?’

ನಿಮ್ಮ ಒಂದ ಸುಳ್ಳಿಲೆ ಎಷ್ಟು ಮಂದಿನ ಕಳಕೊಂಡೀನಿ ನಾನು ಅಂತ ನೋಡ್ರಿ. ಒಬ್ಬ ಗೆಳತಿ. ಒಬ್ಬ ಅತ್ತಿ. ಆ ದಿನದಿಂದ ನಾವು ಇಬ್ಬರೂ ಅಡಗಿಮನ್ಯಾಗ ಕುಂತು ಮಾತಾಡಾಕತ್ತೀವಿ. ಆಕಿ ತನ್ನ ಸಾಲಿ ಬಿಡಿಸಿದ್ದು ಹೇಳತಾಳ, ನಾ ಬರ್ಫದ ಮ್ಯಾಲೆ ಹೊಟ್ಟಿಲೆ ಜಾರೂ ಪೆಂಗ್ವಿನ್ ತೋರಸ್ತೀನಿ. ಮೂರ ಸಲ ನಿಮಗ ಬರಾಕ ಹೇಳಿ ಕಳಿಸಿದ್ಲು, ನೀವು ಬರಲಿಲ್ಲ. ಆಕಿಗೆ ಅದು ಇನ್ನಾ ಸಿಟ್ಟು.

ಸತ್ಕಾರ ಮಾಡವರು ಬಂದಿದ್ರು. ಶಾಲು, ಫಲತಾಂಬೂಲ, ‘ಅಣ್ಣಾಸಾಹೇಬರು ಎರಡು ಮಾತು ಆಡ್ತಾರ, ಹೆಂಡ್ತಿ ಬೆನ್ನಿಗೆ ಹೆಂಗ ನಿಂತ್ರು ಅಂತ’ ಅಂದ್ರು. ಸತ್ಕಾರ ಬ್ಯಾಡ, ಕಾಲೇಜಿನ್ಯಾಗ ಹುಡುಗ್ಯಾರಿಗೆ ಒಂದು ತಾಸು ಪಾಠ ಮಾಡ್ತೀನಿ ಅಂದೆ. ನಿನ್ನೆ ಮಾಡಿದೆ. ಅಲ್ಲಿಯ ಬರ್ಫ ಕರಗಿದ್ರ ನಮ್ಮ ಮಳಿಗೇನು, ನಮ್ಮ ಹೊಳಿಗೇನು ಅಂತ ಛಲೋ ಛಲೋ ಪ್ರಶ್ನಿ ಕೇಳಿದ್ರು. ಮುಧೋಳ ಕಡೀದಾಕಿ ಒಬ್ಬಾಕಿ ಎದ್ದು, ‘ಮೇಡಂ, ಇಷ್ಟ ಆಸೆ ಇದ್ದಾಕಿ ಮೊದಲ ಯಾಕ ಹೋಗಲಿಲ್ಲ?’ ಅಂದ್ಲು. ಕರದಿದ್ರು, ನನಗ ಗೊತ್ತಾಗದಂಗ ಮಾಡಿದ್ರು ಅಂದೆ. ಯಾರು ಅಂತ ಹೇಳಲಿಲ್ಲ. ಅದು ನಿಮ್ಮ ಮಾನ ಉಳಸಾಕ ಅಲ್ಲ. ಅದನ್ನ ಹೇಳೂ ಬಾಯಿ ನಿಮ್ಮದು ಆಗಬೇಕು ಅಂತ.

ಅದಕ್ಕ ಕೇಳ್ರಿ. ವೈಶಾಲಿಗೆ ನಾ ಇನ್ನಾ ಏನೂ ಹೇಳಿಲ್ಲ. ಪುಣೆ ಬಸ್ ಸ್ಟ್ಯಾಂಡಿನ್ಯಾಗ ಆಕಿ ಮಾರಿ ನೋಡಿ ಬಾಯಿ ಬರಲಿಲ್ಲ. ನೀವ ಹೇಳ್ರಿ. ಅವ್ವನ ಹೆಸರ ಹೇಳಬ್ಯಾಡ್ರಿ, ಕಾಲ ಹಂಗಿತ್ತು ಅನಬ್ಯಾಡ್ರಿ. ನಾ ಮಾಡಿದೆ, ಇದರ ಸಲುವಾಗಿ ಮಾಡಿದೆ ಅನ್ರಿ. ಆ ‘ಇದರ ಸಲುವಾಗಿ’ ಏನು ಅಂತ ನನಗೂ ಗೊತ್ತಿಲ್ಲ. ಹೆದರಿದ್ರೇನು? ಹೊಟ್ಟಿಕಿಚ್ಚೇನು? ಹೋದಾಕಿ ತಿರಗಿ ಬರೂದಿಲ್ಲ ಅಂತಿತ್ತೇನು? ನಾ ಬರತಿದ್ನಲ್ರಿ. ನಾಕು ತಿಂಗಳಿಗೆ ಬರತಿದ್ದೆ, ಕಾರಕೊಂಡು, ಮೂಗು ಸುಲಕೊಂಡು, ನಿಮಗ ಹೇಳಾಕ ಬಾಯಿ ತುಂಬ ಕತಿ ಇಟ್ಕೊಂಡು ಬರತಿದ್ದೆ. ಕ್ಷಮಾ ಗಿಮಾ ಕೇಳಾಕ ಬ್ಯಾಡ್ರಿ ಈಗ. ಅದನ್ನ ಕೊಡಾಕ ನನ್ನ ಹತ್ರ ಇಲ್ಲ. ಕಾರಣಾ ಅಷ್ಟ ಹೇಳ್ರಿ.

ಶ್ರೀದೇವಿಗೆ ಶರಣು ತಿಳಸ್ರಿ. ಆಕಿ ಮುಂದ ನನ್ನ ಬೈಕೋತ ಕೂಡಬ್ಯಾಡ್ರಿ. ಅವ್ವ ನಿಮಗ ಆಶೀರ್ವಾದ ಬರಿ ಅಂತ ಹೇಳಿಲ್ಲ, ನಾನ ಬರೀತೀನಿ: ದೇವರು ನಿಮಗ ಆಯುಷ್ಯ ಕೊಡಲಿ, ಇದಕ್ಕ ಉತ್ತರ ಕೊಡೂವಷ್ಟರೆ ಕೊಡಲಿ.

ದಾನೇಶ್ವರಿ

ತಾ.ಕ.: ಸಂಜಯಣ್ಣ ಗಾಡಿ ಚಾಲೂ ಮಾಡ್ಯಾನ, ಲಗೂ ಬರೀತೀನಿ. ಕಾಲೇಜಿಗೆ ರಜಾ ಹಾಕೀನಿ, ಕೊಡದಿದ್ರ ಬಿಡತೀನಿ. ಗೋವಾದಾಗ ರಾಧಿಕಾನ ಪ್ರಯೋಗಶಾಲಾದಾಗ ಎರಡು ವರ್ಷದ ಕೆಲಸಕ್ಕ ಹ್ಞೂ ಅಂದೀನಿ, ನಾಳಿಂದು ಬಿಟ್ಟು ಬರೂ ಸೋಮವಾರ ಹೊಂಡತೀನಿ. ಆ ವರ್ಷ ಆಕಿ ಒಬ್ಬಾಕಿನ ಹೋಗಿ ಹಿಡದು ತಂದ ಕ್ರಿಲ್ ಬಾಟ್ಲಿ ಅರ್ಧಾ ಇನ್ನಾ ಹಂಗಽ ಅದಾವಂತ. ಎರಡನೇದಾಕಿ ನೋಡಬೇಕಾಗಿತ್ತು, ಬರಲಿಲ್ಲ ಅಂತ ಯಾರೂ ಬಿಚ್ಚಿಲ್ಲಂತ. ಅವು ನನ್ನವು, ನಾ ನೋಡತೀನಿ. ಅವ್ವನೂ ನನ್ನ ಕೂಡ ಹೊಂಟಾಳ. ಹುಟ್ಟಿದಾಗಿಂದ ಸಮುದ್ರ ಕಂಡಿಲ್ಲಂತ, ಈಗಾಗಲೇ ನಾಕು ಸೀರಿ ಗಂಟು ಕಟ್ಟಿ ಬಾಗಲ ಹತ್ರ ಇಟ್ಟಾಳ. ನೀವು ಬರತೀರೋ ಇಲ್ಲೋ ಅಂತ ನಾವು ಇಬ್ಬರೂ ಕೇಳಾಕ ಹೋಗೂದಿಲ್ಲ.